ಸುಂಕೇಶನ ಮಿಡಿತ ಹೊತ್ತು ತಂದ ದಸ್ತಗಿರಮ್ಮ

ಮೊದಲ ಬಸ್ಸು ಎಬ್ಬಿಸಿದ ಧೂಳು ಇನ್ನೂ ಅಡಗಿಲ್ಲ, ಆಗಲೇ ದಸ್ತಗಿರಮ್ಮ ಬಸವಕ್ಕನ ಮನೆಯ ಕಟ್ಟೆಯ ಮೇಲೆ ಕೂತಿದ್ದಾರೆ. ಮಡಿಲಲ್ಲಿ ಒಂದು ಡಬ್ಬಿ. ಡಬ್ಬಿಯ ಸುತ್ತ ಹತ್ತಿ ತುಂಬಿ ಹೊಲಿದ ದಪ್ಪನೆಯ ಗವಸು. ದೂರದಿಂದ ನೋಡಿದವರಿಗೆ ಯಾರೋ ಮೊಮ್ಮಗುವನ್ನು ಸುತ್ತಿಕೊಂಡು ಕೂತಂತೆ ಕಾಣಬೇಕು. ಹತ್ತಿರ ಬಂದರೆ ಗೊತ್ತಾಗುತ್ತದೆ, ಒಳಗಿರುವುದು ಸೂಜಿ, ಸ್ಪಿರಿಟ್ಟು, ರಕ್ತ ತುಂಬುವ ನಳಿಕೆಗಳು. ನಳಿಕೆಗಳು ಖಾಲಿ. ಈ ಮನೆಯ ಮಟ್ಟಿಗೆ ಅವು ತಿಂಗಳುಗಳಿಂದ ಖಾಲಿಯೇ ಬಂದು ಖಾಲಿಯೇ ಹೋಗುತ್ತಿವೆ.

ಹಟ್ಟಿಯಿಂದ ಕುರಿಗಳು ಹೊರಡುತ್ತಿವೆ. ಹಿಂಡು ಹೊರಟಿತೆಂದರೆ ಮುಂದಿನ ಟಗರಿನ ಕೊರಳ ಗಂಟೆ ಊರಿಗೆಲ್ಲ ಕೇಳಬೇಕು. ಈ ಹಿಂಡಿಗೆ ಗಂಟೆಯಿಲ್ಲ. ಗೊರಸಿನ ಸದ್ದು, ಮರಿಗಳ ಒಂದೆರಡು ಕೂಗು, ಅಷ್ಟೇ. ಹಿಂದೆ ಕೋಲು ಹಿಡಿದು ನಡೆದವಳು ಹಾರಿಕಾ, ಬಸವಕ್ಕನ ಮಗಳು, ಹದಿನೇಳರ ಹುಡುಗಿ. ದಸ್ತಗಿರಮ್ಮನ ಕಣ್ಣು ಆ ಹುಡುಗಿಯ ಕಾಲುಗಳ ಮೇಲೆಯೇ ನೆಟ್ಟಿದೆ. ಒಂದು ಮರಿ ಬೇಲಿಯತ್ತ ಹಾರಿತು. ಹಾರಿಕಾ ನಾಲ್ಕು ಹೆಜ್ಜೆ ಓಡಿ ಅದನ್ನು ತಿರುಗಿಸಿದಳು.

"ಓಡಬ್ಯಾಡ್ರಾ ತಲ್ಲೀ, ನನ್ನ ತಾಯೀ! ಮೆಲ್ಲಗ ಹೋಗು, ಕುರಿ ಎಲ್ಲೀ ಹೋಗಂಗಿಲ್ಲ," ದಸ್ತಗಿರಮ್ಮ ಕೂಗುತ್ತಾರೆ. ಹುಡುಗಿ ತಿರುಗಿ ನೋಡಿ ನಕ್ಕು ಮುಂದೆ ಹೋಗುತ್ತಾಳೆ.

ಅಂಗಳ ಗುಡಿಸುತ್ತಿರುವ ಬಸವಕ್ಕ ತಲೆ ಎತ್ತುವುದಿಲ್ಲ. ದಸ್ತಗಿರಮ್ಮ ತಾವಾಗಿಯೇ ಒಂದು ಚೆಂಬು ನೀರು ಕೇಳುತ್ತಾರೆ, ಕುಡಿಯುತ್ತಾರೆ. ಊರಿನವರು ಈ ಮನೆಯ ನೀರು ಮುಟ್ಟುತ್ತಿಲ್ಲ. ಸೂತಕ ಕಳೆಯದ ಮನೆ. ಚೆಂಬು ಕೆಳಗಿಟ್ಟು ಅವರು ಕೇಳುವುದು ಪ್ರತಿ ಸಲದ ಅದೇ ಮಾತು: "ಬಸವಕ್ಕಾ, ಹುಡುಗಿದು ಇವತ್ತರ ತಗೊಳ್ಳೇನು?"

ಬಸವಕ್ಕನದೂ ಅದೇ ಉತ್ತರ. "ಒಬ್ಬಂದು ಅಲ್ಲಿ ಇಟ್ಕೊಂಡು ಕುಂತೀರಿ. ಸಾಲದೇನು ನಿಮಗ?"

ಡಬ್ಬಿ ಎತ್ತಿಕೊಂಡು ದಸ್ತಗಿರಮ್ಮ ಬಸ್ಸಿನ ದಾರಿ ಹಿಡಿಯುತ್ತಾರೆ. ಬಿಸಿಲು ಏರುತ್ತಿದೆ.

ಈ ಊರು ಕರ್ನೂಲು ಸೀಮೆಯ ದೇವನಕೊಂಡದ ಆಚೆ ಎಲ್ಲೋ ಇದೆ ಎಂದಷ್ಟೇ ಹೇಳಬಹುದು. ಊರಿನ ಹೆಸರು ಬೇಡ ಎಂದವರೂ ಬಸವಕ್ಕನೇ, ಮನೆಯವರ ಹೆಸರು ಬರೆಯಿರಿ ಎಂದವರೂ ಅವರೇ. "ನನ್ನ ಮಗನ ಹೆಸರು ಪೇಪರ್‌ನ್ಯಾಗ ಬರ್ಲಿ. ಪೊಲೀಸ ಆಗಿದ್ರ ಬರ್ತಿತ್ತಲ್ಲ," ಎಂದರು.

ದಸ್ತಗಿರಮ್ಮನ ಕೆಲಸಕ್ಕೆ ಸರಿಯಾದ ಹೆಸರೇ ಇಲ್ಲ. ಆದೋನಿಯ ಒಂದು ಸಣ್ಣ ರಕ್ತಪರೀಕ್ಷೆಯ ಅಂಗಡಿಯಲ್ಲಿ ರಕ್ತ ತೆಗೆಯುವವರು ಎಂಬುದು ಹೊಟ್ಟೆಪಾಡು. ಅದರ ಜೊತೆಗೆ, ಹೈದರಾಬಾದಿನ ಒಂದು ಸಂಶೋಧನಾಲಯಕ್ಕೆ ಈ ಸೀಮೆಯ ಕೆಲವು ಕುಟುಂಬಗಳ ರಕ್ತ ತಲುಪಿಸುತ್ತಾರೆ. ಎಳೆಯ ಪ್ರಾಯದಲ್ಲೇ, ಓಡುತ್ತಲೋ ಭಾರ ಎತ್ತುತ್ತಲೋ, ಇದ್ದಕ್ಕಿದ್ದಂತೆ ಎದೆ ನಿಂತು ಜನ ಸತ್ತಿರುವ ಕುಟುಂಬಗಳವು. ಹಳ್ಳಿಗಳಲ್ಲಿ ಇವರನ್ನು ಸೂಜಿ ದಸ್ತಗಿರಮ್ಮ ಎನ್ನುತ್ತಾರೆ. ಕುಡಿಯಲು ನೀರು ಕೊಡುವಾಗ ಒಂದು ಬಗೆಯಲ್ಲಿ, ಬೆನ್ನ ಹಿಂದೆ ಇನ್ನೊಂದು ಬಗೆಯಲ್ಲಿ.

ಹೋಗುವುದು ಯಾವಾಗಲೂ ನಸುಕಿನಲ್ಲಿ. ಬೆಳಕು ಹರಿದ ಮೇಲೆ ಹೋದರೆ ಯಾರ ಮನೆಯಲ್ಲೂ ಯಾರೂ ಸಿಗುವುದಿಲ್ಲ, ಎಲ್ಲರೂ ಹೊಲಕ್ಕೆ, ಕುರಿಯ ಹಿಂದೆ. ಕೆಲವು ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೊರಟುಬಿಟ್ಟರೆ ಮತ್ತೆ ಸಿಗುವುದು ಯುಗಾದಿಗೇ. ತೆಗೆದ ರಕ್ತಕ್ಕೂ ನೂರೆಂಟು ನಖರೆ. ಐಸ್ ಇಡುವಂತಿಲ್ಲ, ಬಿಸಿಲು ತಾಕುವಂತಿಲ್ಲ, ಕುಲುಕುವಂತಿಲ್ಲ. ಸಂಜೆ ಹೈದರಾಬಾದಿನ ಬಸ್ಸಿಗೆ ಒಪ್ಪಿಸುವವರೆಗೆ ಅದು ದಸ್ತಗಿರಮ್ಮನ ಮಡಿಲಿನಲ್ಲೇ ಇರಬೇಕು. ಆದೋನಿಯ ಬಿಸಿಲು ಗೊತ್ತಿದ್ದವರಿಗೆ ಇದು ಎಂಥ ಕೆಲಸ ಎಂದು ಬಿಡಿಸಿ ಹೇಳಬೇಕಿಲ್ಲ.

ಗವಸು ಬಂದದ್ದು ಹಾಗೆ. ದಸ್ತಗಿರಮ್ಮ ಹತ್ತಿ ಹಿಂಜಿ ಗಾದಿ ತುಂಬುವ ದೂದೇಕುಲದ ಮನೆಯ ಮಗಳು. ಗಂಡ ಮೌಲಾಲಿ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಧೂಳು ಕುಡಿದೂ ಕುಡಿದೂ ಈಗ ಮನೆ ಹಿಡಿದಿದ್ದಾರೆ. ನಾಲ್ಕು ಮಾತಾಡಿದರೆ ಕೆಮ್ಮು ಬರುತ್ತದೆ. ಆದರೂ ಡಬ್ಬಿಗೆ ಅಳತೆ ತೆಗೆದು ಗವಸು ಹೊಲಿದುಕೊಟ್ಟವರು ಅವರೇ. "ಚಳಿಗಾಲಕ್ಕ ಹಾಸಿಗಿ ಹೊಲೀತಿದ್ದೆ, ಈಗ ರಕ್ತಕ್ಕ ಹೊಲೀತೀನಿ. ಕ್ಯಾ ಕರ್ನಾ," ಎಂದು ಕೆಮ್ಮುತ್ತಲೇ ನಗುತ್ತಾರೆ.

ದಸ್ತಗಿರಮ್ಮನಿಗೆ ಸೂಜಿ ಹಿಡಿಯಲು ಕಲಿಸಿದ್ದು ಒಬ್ಬ ಹಳೆಯ ಡಾಕ್ಟರು. ಅವರ ಆಸ್ಪತ್ರೆಗೆ ಕಸ ಹೊಡೆಯಲು ಸೇರಿದ ಹೆಂಗಸು ನೋಡುತ್ತ ನೋಡುತ್ತ ಕಲಿತರು. ಕಲಿತದ್ದರ ಜೊತೆ ಒಂದು ಸ್ವಂತ ರೂಢಿ ಮಾಡಿಕೊಂಡರು. ಸೂಜಿ ಚುಚ್ಚುವ ಮುಂಚೆ ಎಲ್ಲರೂ "ಏನೂ ಆಗಲ್ಲ" ಎನ್ನುತ್ತಾರಲ್ಲ, ಇವರು ಹಾಗೆನ್ನುವುದಿಲ್ಲ. ತೋಳು ಹಿಡಿದು, ಕಣ್ಣಿನಲ್ಲಿ ಕಣ್ಣಿಟ್ಟು "ನೋಯತೈತಿ ನೋಡು" ಎನ್ನುತ್ತಾರೆ. ಆಮೇಲೆ ಚುಚ್ಚುತ್ತಾರೆ. ಮಕ್ಕಳಿಗೂ ಅಷ್ಟೇ, ಮುದುಕರಿಗೂ ಅಷ್ಟೇ. ಅಂಗಡಿಯ ಮಾಲೀಕರು ಗಿರಾಕಿ ಓಡಿಹೋಗುತ್ತಾರೆಂದು ಬೈದದ್ದೂ ಉಂಟು.

"ಸುಳ್ಳು ಹೇಳಿ ಚುಚ್ಚಿದ್ರ ಎರಡನೇ ಸರ್ತಿ ಕೈ ಕೊಡಂಗಿಲ್ಲರೀ ಅವ್ರು," ಎಂಬುದು ದಸ್ತಗಿರಮ್ಮನ ಸಮಜಾಯಿಷಿ. "ನೋಯತೈತಿ ಅಂದು ಚುಚ್ಚಿದ್ರ, ಇಷ್ಟೇನಾ ಅಂತಾರ."

ಈ ರಕ್ತ ಹೈದರಾಬಾದಿಗೆ ಹೋಗಿ ಏನಾಗುತ್ತದೆ ಎಂಬುದನ್ನು ಶ್ರೀಪ್ರಿಯಾ ಹೇಳಬೇಕು. ಆಕೆ ಅಲ್ಲಿನ ಸಂಶೋಧಕಿ, ಆದೋನಿಯ ಹುಡುಗಿಯೇ. ತಂದೆ ಪೌರೋಹಿತ್ಯದವರು, ಮನೆಯಲ್ಲಿ ಬಿಗಿ ಮಡಿ. ಅಜ್ಜಿಯ ಸಕ್ಕರೆ ಪರೀಕ್ಷೆಗೆಂದು ಬರುತ್ತಿದ್ದ ದಸ್ತಗಿರಮ್ಮನನ್ನು ಚಿಕ್ಕಂದಿನಿಂದ ನೋಡಿದವಳು. ಊರ ಕಡೆಯ ರಕ್ತ ಬೇಕಾದಾಗ ಆಕೆಗೆ ಮೊದಲು ನೆನಪಾದದ್ದು "ನೋಯತೈತಿ" ಎನ್ನುವ ಆ ದನಿಯಂತೆ.

ರಕ್ತದ ಕಣಗಳನ್ನು, ಅಂದರೆ ಜೀವಕೋಶಗಳನ್ನು, ಅಲ್ಲಿ ಪಳಗಿಸುತ್ತಾರೆ. ಬೆಳೆದು ನಿಂತ ಕಣವನ್ನು ಹಿಂದಕ್ಕೆ ನಡೆಸಿ, ಯಾವ ಅಂಗವೂ ಆಗದ ಎಳೆತನಕ್ಕೆ ಒಯ್ದು, ಅಲ್ಲಿಂದ ಹೃದಯದ ಕಣವಾಗುವ ದಾರಿಗೆ ಹಚ್ಚುತ್ತಾರೆ. ತಿಂಗಳುಗಟ್ಟಲೆ ಕಾಯ್ದ ಮೇಲೆ ಒಂದು ದಿನ ಗಾಜಿನ ತಟ್ಟೆಯಲ್ಲಿ ಆ ಕಣಗಳು ತಾವಾಗಿಯೇ ಮಿಡಿಯತೊಡಗುತ್ತವೆ. ಯಾರ ರಕ್ತವೋ ಅವರ ಹೃದಯದ ಗುಣದೋಷವೆಲ್ಲ ಅವುಗಳಲ್ಲಿ ಇರುತ್ತದೆ. ಕೆಲಸ ಶುರುವಾಗುವುದು ಅಲ್ಲಿಂದ. ಹೃದಯದ ಪ್ರತಿ ಕಣದೊಳಗೂ ನೂಲುಗಳಿವೆ, ನೂಲನ್ನು ಜಗ್ಗುವ ಅಣುಗಳಿವೆ. ಅಂಥ ಲೆಕ್ಕವಿಲ್ಲದ ಅಣುಗಳಲ್ಲಿ ಒಂದೇ ಒಂದಕ್ಕೆ ಹೊಳೆಯುವ ಬಣ್ಣ ಅಂಟಿಸಿ, ಲೇಸರ್ ಬೆಳಕು ಹಾಯಿಸಿ, ಅದೊಂದೇ ಏನು ಮಾಡುತ್ತದೆ ಎಂದು ಕ್ಯಾಮೆರಾದಲ್ಲಿ ಹಿಡಿಯುತ್ತಾರೆ.

"ಹಿಂಡು ನೋಡಿದ್ರ ಎಲ್ಲಾ ಕುರಿ ನಡ್ಯಾಕತ್ತಾವ ಅಂತನಸ್ತದರಿ," ಎನ್ನುತ್ತಾಳೆ ಶ್ರೀಪ್ರಿಯಾ. "ಯಾವುದು ಕುಂಟತದ ಅನ್ನೋದು ಒಂದೊಂದನ್ನ ಬ್ಯಾರೆ ನಿಲ್ಲಿಸಿ ನೋಡಿದ್ರನ ಗೊತ್ತಾಗೋದು. ಬಸವಕ್ಕನ ಗಂಡನ ಮನೆತನದ ಅಣುಗಳು ಜಗ್ಗೋದ್ರಾಗ ಕಮ್ಮಿ ಇಲ್ಲ. ಜಗ್ಗಿದ ಮ್ಯಾಲ ಒಂದಿಷ್ಟು ಸುಮ್ಮನಿರಬೇಕಲ್ಲ, ಅದು ಅವಕ್ಕ ಆಗೋದಿಲ್ಲ. ಆರಾಮ ಮಾಡೋ ಹೊತ್ತಿನ್ಯಾಗೂ ದುಡೀತಾವ. ಅದಕ್ಕ ಹೃದಯ ದಪ್ಪ ಆಗ್ತದ, ಒಂದಿನ ತಾಳ ತಪ್ಪತದ."

ಈ ಸಂಶೋಧನೆಯ ಪ್ರಬಂಧ ಎಂದಾದರೂ ಅಚ್ಚಾದೀತು. ಅದರಲ್ಲಿ ಯಾರ ಯಾರ ಹೆಸರು ಬರುತ್ತದೆ ಎಂಬುದನ್ನು ಊಹಿಸಬಹುದು, ದೇವನಕೊಂಡದ ಬಸ್ಸಿನಲ್ಲಿ ಡಬ್ಬಿ ಅಪ್ಪಿಕೊಂಡು ಕೂತವರ ಹೆಸರು ಬರುವುದಿಲ್ಲ ಎಂಬುದನ್ನೂ ಊಹಿಸಬಹುದು. ದಸ್ತಗಿರಮ್ಮನಿಗೆ ಅದರ ಕೊರಗೇನೂ ಇಲ್ಲ. ಅವರ ಕೊರಗು ಬೇರೆ.

ಬಸವಕ್ಕನ ಗಂಡ ಜಂಬಪ್ಪ ಕುರಿಗಾರ. ಜಂಬಪ್ಪನ ತಮ್ಮ ಒಂದು ದಿನ ಬಾವಿಯಿಂದ ಕೊಡ ಎತ್ತುತ್ತ ಕುಸಿದು ಜೀವ ಬಿಟ್ಟ. ಹೆಣ ಪರೀಕ್ಷಿಸಿದ ಕರ್ನೂಲಿನ ಡಾಕ್ಟರೊಬ್ಬರು ಎದೆಯ ದೋಷ ಹಿಡಿದು, ಇದು ಮನೆತನದ್ದಿರಬಹುದು, ಉಳಿದವರನ್ನೂ ನೋಡಿ ಎಂದರು. ದಸ್ತಗಿರಮ್ಮ ಮೊದಲ ಸಲ ಈ ಅಂಗಳಕ್ಕೆ ಬಂದದ್ದು ಆಗ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದಾಗ ಅಂಗಿಯ ತೋಳು ಮಡಚಿ ಮುಂದೆ ಬಂದವನು ಜಂಬಪ್ಪನ ಮಗ ಸುಂಕೇಶ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂದು ದಿನವೂ ಓಟದ ತಾಲೀಮು ಮಾಡುತ್ತಿದ್ದ ಹುಡುಗ.

"ನೋಯತೈತಿ ಅಂದೆ. ಅದಕ್ಕ ಅಂವ, 'ಅತ್ತೀ, ಪೊಲೀಸರಿಗೆ ನೋಯಂಗಿಲ್ಲ' ಅಂದ," ಎಂದು ದಸ್ತಗಿರಮ್ಮ ನೆನೆಯುತ್ತಾರೆ. "ಸೂಜಿ ಹಾಕಿದ ಕೂಡ್ಲೇ 'ಅವ್ವಾ' ಅಂದ. ಎಲ್ಲಾರೂ ನಕ್ಕೀವಿ. ಆ ನಗಿನೇ ಕಡೀದು ಆ ಮನ್ಯಾಗ."

ಪರೀಕ್ಷೆಯಲ್ಲಿ ದೋಷ ಸಿಕ್ಕಿತು, ಜಂಬಪ್ಪನಲ್ಲೂ ಸುಂಕೇಶನಲ್ಲೂ. ಓಡಬೇಡ, ಭಾರ ಎತ್ತಬೇಡ, ಗುಳಿಗೆ ತಪ್ಪಿಸಬೇಡ ಎಂದರು ಡಾಕ್ಟರು. ಇಲ್ಲಿ ಯಾರನ್ನು ದೂರಲೂ ಆಗದು. ಹೇಳಬೇಕಾದವರು ಹೇಳಿದರು, ಕೇಳಬೇಕಾದವನು ಕೇಳಿದ. ಓಟದ ಬೂಟುಗಳನ್ನು ಸುಂಕೇಶ ಊರ ಬೇರೊಬ್ಬ ಹುಡುಗನಿಗೆ ಕೊಟ್ಟುಬಿಟ್ಟ. ಪೊಲೀಸ್ ಆಸೆ ಬಿಟ್ಟು ಕುರಿಯ ಹಿಂದೆ ಮೆಲ್ಲನೆ ನಡೆಯುವುದನ್ನು ಕಲಿತ. ವರ್ಷದ ಮೇಲಾಯಿತು, ಹೆದರಿಕೆ ಒಂದಿಷ್ಟು ಹಳತಾಯಿತು.

ಜೋಳದ ಕೊಯ್ಲಿನ ದಿನಗಳಲ್ಲಿ ಒಂದು ಬೆಳಿಗ್ಗೆ ಹಿಂಡಿಗೆ ತೋಳ ಬಿತ್ತು. ಒಂದು ಮರಿಯ ಕುತ್ತಿಗೆ ಹಿಡಿದು ತೋಳ ಗುಡ್ಡದ ಕಡೆ ಓಡಿತು. ಕುರಿಗಾರನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಆ ಗಳಿಗೆಯಲ್ಲಿ ಡಾಕ್ಟರ ಮಾತು ನೆನಪಾಗುತ್ತದೆಯೇ? ಸುಂಕೇಶ ಓಡಿದ. ಕೂಗುತ್ತ, ಕಲ್ಲು ಬೀರುತ್ತ, ಗುಡ್ಡದ ಅರ್ಧದವರೆಗೆ ಓಡಿದ. ತೋಳ ಮರಿಯನ್ನು ಬಿಟ್ಟು ಹೋಯಿತು. ಹಿಂದೆ ಬಂದವರಿಗೆ ಸಿಕ್ಕದ್ದು ಬದುಕಿದ್ದ ಮರಿ, ಅದರ ಪಕ್ಕದಲ್ಲಿ ಸುಂಕೇಶನ ಹೆಣ.

"ನನ್ನ ಕಡಿಂದ ಬಂದದ್ದು ಅದು," ಎನ್ನುತ್ತಾರೆ ಜಂಬಪ್ಪ. ಅದಕ್ಕಿಂತ ಹೆಚ್ಚು ಮಾತು ಅವರಿಂದ ಹೊರಡುವುದಿಲ್ಲ. ಅಂದೇ ಅವರು ಟಗರಿನ ಕೊರಳಿನಿಂದ ಗಂಟೆ ಬಿಚ್ಚಿದರು. ಈ ಮನೆತನದ ಪದ್ಧತಿ ಅದು: ಮಣ್ಣು ಮಾಡಿದ ಮೂರನೆಯ ದಿನ ಗುಂಡಿಯ ಮೇಲೆ ಕುರಿಹಾಲು, ತುಪ್ಪ ಬಿಡಬೇಕು. ಹೆತ್ತವಳು ಬದುಕಿದ್ದರೆ ಮೊದಲ ಹಾಲು ಆಕೆಯ ಕೈಯಿಂದಲೇ. ಆಕೆ ಬಿಟ್ಟ ಮೇಲೆ ಉಳಿದವರು. ಆಮೇಲೆ ಮನೆ ತೊಳೆದು, ಗಂಟೆ ಕಟ್ಟಿ, ಹಿಂಡು ಹೊರಡಬೇಕು. ಹಾಲು ಬೀಳುವ ತನಕ ಹೋದ ಜೀವಕ್ಕೆ ನೆಲೆಯಿಲ್ಲ, ಉಳಿದ ಮನೆಗೆ ಬಳಕೆಯಿಲ್ಲ.

ಎರಡನೆಯ ದಿನ ದಸ್ತಗಿರಮ್ಮನ ಫೋನಿಗೆ ಶ್ರೀಪ್ರಿಯಾಳಿಂದ ಒಂದು ವಿಡಿಯೋ ಬಂತು. ಹುಡುಗ ಹೋದ ಸುದ್ದಿ ಅವಳಿಗೆ ಇನ್ನೂ ತಲುಪಿರಲಿಲ್ಲ. 'ಸುಂಕೇಶಗ ತೋರಿಸ್ರಿ, ಇವು ಅವನವೇ' ಎಂದು ಖುಷಿಯಿಂದ ಬರೆದಿದ್ದಳು. ಬೂದು ಬಣ್ಣದ ಪರದೆಯ ಮೇಲೆ ಕಣಗಳ ಒಂದು ಮುದ್ದೆ ಮೀನಿನ ಕಿವಿರಿನಂತೆ ಅಲುಗುತ್ತಿತ್ತು. ಅದರ ಬೆನ್ನಿಗೆ ಇನ್ನೊಂದು ತುಣುಕು. ಪೂರ್ತಿ ಕತ್ತಲು, ಕತ್ತಲಿನಲ್ಲಿ ಒಂದೇ ಒಂದು ಹಸಿರು ಚುಕ್ಕೆ. ಮಿನುಗುತ್ತದೆ, ಆರುತ್ತದೆ, ಮತ್ತೆ ಮಿನುಗುತ್ತದೆ. ಅದು ಸುಂಕೇಶನ ಒಂದು ಅಣು.

ದಸ್ತಗಿರಮ್ಮ ಆ ಫೋನು ಹಿಡಿದು ಬಸ್ಸು ಹತ್ತಿದರು. ಎಲ್ಲರ ಮುಂದೆ ನೋವನ್ನು ನೋವು ಎಂದೇ ಹೇಳುವ ಹೆಂಗಸು ಅಂದು ಮೊದಲ ಸಲ ಬೇರೆ ಮಾತು ಆಡಿದರು. ನೆಲದ ಮೇಲೆ ಬಿದ್ದು ಹೊರಳುತ್ತಿದ್ದ ಬಸವಕ್ಕನನ್ನು ಎಬ್ಬಿಸಿ ಕೂರಿಸಿ, "ನಿನ್ನ ಮಗ ಎಲ್ಲೀ ಹೋಗಿಲ್ಲಕ್ಕಾ. ನೋಡಿಲ್ಲಿ, ಅಂವನ ಗುಂಡಿಗಿ ಇನ್ನಾ ಬಡಕೊಳ್ಳಾಕತ್ತೈತಿ," ಎಂದು ಫೋನು ಕೈಗಿಟ್ಟರು.

ಬಸವಕ್ಕ ನೋಡಿದರು. ಫೋನನ್ನು ಕಿವಿಗೆ ಹಿಡಿದರು. "ಸದ್ದಿಲ್ಲಲ್ಲ?" ಎಂದರು. ಮತ್ತೆ ನೋಡಿದರು. ಬ್ಯಾಟರಿ ಮುಗಿದು ಪರದೆ ಆರುವ ತನಕ ನೋಡಿ, ಆರಿದ ಮೇಲೆ ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟರು. ಅಳು ನಿಂತಿತ್ತು. ಸಮಾಧಾನವಾಯಿತು ಎಂದುಕೊಂಡು ದಸ್ತಗಿರಮ್ಮ ಆದೋನಿಗೆ ಮರಳಿದರು.

ಮರುದಿನ ಬಂಧುಗಳೆಲ್ಲ ಗುಂಡಿಯ ಬಳಿ ನೆರೆದು ಹಾಲಿನ ಗಿಂಡಿ ಹಿಡಿದು ಕಾಯುತ್ತಿದ್ದರೆ ಬಸವಕ್ಕ ಮನೆಯಿಂದ ಹೊರಗೇ ಬರಲಿಲ್ಲ. "ಗುಂಡಿಗಿ ಬಡಕೊಳ್ಳಾಕತ್ತೈತಿ. ಬದುಕಿದಾಂವಗ ಹಾಲು ಹ್ಯಾಂಗ ಬಿಡ್ಲಿ? ನನ್ನ ಕೈಲೇ ಕೊಲ್ಲಂತೀರೇನು?" ಎಂದರು. ಹಿರಿಯರು ಬೇಡಿದರು, ಬೈದರು. ಜಂಬಪ್ಪ ಕಾಲು ಹಿಡಿಯುವುದೊಂದು ಬಾಕಿ. ಬಸವಕ್ಕ ಜಗ್ಗಲಿಲ್ಲ. ಗಿಂಡಿಯ ಹಾಲು ಒಡೆದುಹೋಯಿತು.

ಅಂದಿನಿಂದ ಆ ಮನೆ ಹಾಗೇ ನಿಂತಿದೆ. ಗಂಟೆ ಗೂಟಕ್ಕೆ ನೇತುಬಿದ್ದಿದೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಯಾರೂ ಕರೆಯುವುದಿಲ್ಲ, ಯಾರೂ ಬರುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಇನ್ನೊಂದು ಮಾತು ಹಬ್ಬಿತು, ಸೂಜಿ ದಸ್ತಗಿರಮ್ಮನಿಗೆ ರಕ್ತ ಕೊಟ್ಟರೆ ಸತ್ತ ಮೇಲೂ ಜೀವ ಬಿಡುವುದಿಲ್ಲವಂತೆ ಎಂದು. ಕೈ ಕೊಡಲು ಒಪ್ಪಿದ್ದ ಮನೆಗಳು ಬಾಗಿಲು ಹಾಕಿಕೊಂಡವು. ಒಬ್ಬ ಹಿರಿಯರಂತೂ ಬಸ್ ನಿಲ್ದಾಣದಲ್ಲೇ ತಡೆದು, "ಅಂವನ ಜೀವ ಅಲ್ಲೂ ಇಲ್ಲ ಇಲ್ಲೂ ಇಲ್ಲ ಮಾಡಿದೆಲ್ಲಮ್ಮಾ," ಎಂದರು. ದಸ್ತಗಿರಮ್ಮ ತಲೆ ತಗ್ಗಿಸಿ ನಿಂತರು.

ಇಷ್ಟೆಲ್ಲದರ ನಡುವೆ ಹಾರಿಕಾ ಇದ್ದಾಳೆ. ಅಣ್ಣ ಹೋದ ಮೇಲೆ ಹಿಂಡು ಕಾಯುವವಳು ಅವಳೇ. ಆಗ ಚಿಕ್ಕವಳೆಂದು ಅವಳ ರಕ್ತ ತೆಗೆದಿರಲಿಲ್ಲ, ಅವಳಿಗೆ ದೋಷ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಪ್ಪನಲ್ಲಿ ಇರುವುದು ಮಗಳಿಗೆ ಬಂದಿರಲೂಬಹುದು, ಬಾರದೆಯೂ ಇರಬಹುದು. ಸ್ಕ್ಯಾನಿನಲ್ಲಿ ಈ ವಯಸ್ಸಿಗೆ ಕಾಣದಿದ್ದ ಮಾತ್ರಕ್ಕೆ ನಂಬುವಂತಿಲ್ಲ, ರಕ್ತವೇ ಹೇಳಬೇಕು ಎನ್ನುತ್ತಾರೆ ಡಾಕ್ಟರು. ರಕ್ತ ಕೊಡಲು ಹುಡುಗಿ ತಯಾರು. "ಅವ್ವ ಹೂಂ ಅನ್ನಂಗಿಲ್ಲ ಅತ್ತೀ. ಆಕಿನ್ನ ದಾಟಿ ನಾ ಕೈ ಕೊಡಂಗಿಲ್ಲ," ಎನ್ನುತ್ತಾಳೆ. ಗುಡ್ಡದ ಮೇಲಿನ ತೋಳ ಈಗಲೂ ಅಲ್ಲಿಯೇ ಇದೆ.

ಅದಕ್ಕೇ ದಸ್ತಗಿರಮ್ಮ ಮತ್ತೆ ಮತ್ತೆ ಈ ಕಟ್ಟೆಗೆ ಬಂದು ಕೂರುವುದು. ಅಂಗಡಿಯವರು ಕೇಳಿದರೆ ಬೇರೆ ಊರಿನ ನೆಪ ಹೇಳುತ್ತಾರೆ. ಮೌಲಾಲಿಗೆ ಮಾತ್ರ ನಿಜ ಗೊತ್ತು. ಕೊನೆಗೆ ದಾರಿ ತೋರಿಸಿದ್ದೂ ಅವರೇ. "ನೀ ಎಲ್ಲಾರಿಗೂ ನಿಜ ಹೇಳೇ ಚುಚ್ಚಾಕಿ. ಆಕಿಗೆ ಯಾಕ ಹೇಳ್ಲಿಲ್ಲ?" ಎಂದು ಕೇಳಿದರಂತೆ. ಅಂದು ದಸ್ತಗಿರಮ್ಮನಿಗೆ ಊಟ ಸೇರಲಿಲ್ಲ.

ಅವರು ಶ್ರೀಪ್ರಿಯಾಳಿಗೆ ಫೋನು ಹಚ್ಚಿದರು. ತಿಂಗಳುಗಳಿಂದ ಕೇಳಲು ಹೆದರಿದ್ದನ್ನು ಕೇಳಿದರು. "ಅದು ಇನ್ನಾ ಬಡಕೊಳ್ತೈತೇನಮ್ಮಾ?"

"ಇಲ್ಲರಿ. ಆ ಗಾಜಿನ ತಟ್ಟಿಯೊಳಗಿನ ಕಣ ಆಗಲೇ ಮುಗದಾವ. ಅವು ಭಾಳ ದಿನ ಇರೂದಿಲ್ಲ," ಎಂದಳು ಶ್ರೀಪ್ರಿಯಾ. "ಮತ್ತ ದಸ್ತಗಿರಮ್ಮ, ಅದು ಅವನ ಎದಿಯೊಳಗ ಇದ್ದ ಹೃದಯ ಅಲ್ಲರಿ. ಅವನ ರಕ್ತದಿಂದ ನಾವು ಬೆಳೆಸಿದ್ದು. ಇನ್ನೂ ಹೃದಯ ಆಗದ ಕಣಗಳು ಸ್ವಲ್ಪ ಅವ, ಹೆಪ್ಪುಗಟ್ಟೋ ಥಂಡಿಯೊಳಗ ಇಟ್ಟೀವಿ. ಅವು ಬಡಕೊಳ್ಳೂದಿಲ್ಲ, ಬೆಳ್ಯೂದಿಲ್ಲ. ಎಬ್ಬಿಸೋ ಮುಂದ ಅವನ ತಾಯಿನ್ನ ಕೇಳೇ ಎಬ್ಬಿಸ್ತೀನಿ. ಬ್ಯಾಡ ಅಂದ್ರ ಇಲ್ಲ." ಆ ವಿಡಿಯೋ ಕಳಿಸಿದ ಕೈ ಅವಳದೇ.

ಈಗ ಏನು ಮಾಡಬೇಕು? ನಿಂತಿದೆ ಎಂದರೆ ಆ ತಾಯಿಗೆ ಮಗ ಇನ್ನೊಮ್ಮೆ ಸತ್ತಂತೆ. ಹೇಳದೇ ಬಿಟ್ಟರೆ ಗುಡ್ಡದ ದಾರಿಯಲ್ಲಿ ಹಾರಿಕಾ ಓಡುತ್ತಿರುತ್ತಾಳೆ. ದಸ್ತಗಿರಮ್ಮ ಎರಡು ಬಸ್ಸು ಹತ್ತದೇ ಬಿಟ್ಟು ನಿಲ್ದಾಣದಲ್ಲೇ ಕೂತು, ಮೂರನೆಯದನ್ನು ಹತ್ತಿದರು.

ಅದೇ ಅಂಗಳ, ಅದೇ ಕಟ್ಟೆ. ಅಂದು ದಸ್ತಗಿರಮ್ಮ ನೀರು ಕೇಳಲಿಲ್ಲ. ಡಬ್ಬಿಯನ್ನು ಪಕ್ಕಕ್ಕಿಟ್ಟು, ಬಸವಕ್ಕನ ಕೈಯಿಂದ ಕಸಬರಿಗೆ ತೆಗೆದು, ಎದುರಿಗೆ ಕೂರಿಸಿಕೊಂಡರು. ಮೊಣಕೈಯ ಮಡಿಕೆಯಲ್ಲಿ, ರಕ್ತ ತೆಗೆಯುವ ಜಾಗದಲ್ಲೇ, ಗಟ್ಟಿಯಾಗಿ ಹಿಡಿದರು.

"ನೋಯತೈತಿ ನೋಡು, ಬಸವಕ್ಕಾ."

ಆಮೇಲೆ ಎಲ್ಲವನ್ನೂ ಹೇಳಿದರು. ತಟ್ಟೆಯಲ್ಲಿನ ಮಿಡಿತ ನಿಂತದ್ದು, ಅದು ಅವನ ಎದೆಯದ್ದಲ್ಲ ಎಂಬುದು, ಥಂಡಿಯಲ್ಲಿ ಇಟ್ಟದ್ದು, ಎಲ್ಲ. ತಾವು ಅಂದು ಆಡಿದ ಮಾತು ಸರಿಯಲ್ಲವೆಂದೂ ಹೇಳಿದರು. "ಅವತ್ತ ನಿನ್ನ ಅಳು ನೋಡಾಕ ಆಗ್ಲಿಲ್ಲ ನನಗ. ಅದಕ್ಕ ಹಂಗಂದೆ. ತಪ್ಪು ನಂದು."

ಬಸವಕ್ಕ ಕೂಗಾಡಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ. ಹಟ್ಟಿಯ ಕಡೆ ನೋಡುತ್ತ, "ಅಂದ್ರ ಎರಡು ಸರ್ತಿ ಹೋದ ನನ್ನ ಮಗ," ಎಂದರು. ಆಮೇಲೆ ಕೇಳಿದರು: "ಅಲ್ಲಿ ಥಂಡಿ ಹತ್ತಂಗಿಲ್ಲೇನು ಅಂವಗ?"

ದಸ್ತಗಿರಮ್ಮ ಹಿಡಿದ ತೋಳು ಬಿಡಲಿಲ್ಲ. "ಗೊತ್ತಾಗಂಗಿಲ್ಲಕ್ಕಾ. ಏನೂ ಗೊತ್ತಾಗಂಗಿಲ್ಲ. ಬಡಕೊಳ್ಳಂಗಿಲ್ಲ, ದುಡಿಯಂಗಿಲ್ಲ. ಸುಮ್ಮನ ಅದಾವ."

"ಹುಟ್ಟಿದಾಗಿಂದ ಸುಮ್ಮನ ಕುಂತಾಂವಲ್ಲ ಅಂವ," ಎಂದರು ಬಸವಕ್ಕ. "ಈಗರ ಆರಾಮ ಮಾಡ್ಲಿ. ಎಬ್ಬಿಸಬ್ಯಾಡ್ರಿ ಅನ್ನು ಆಕಿಗೆ." ಅನ್ನುತ್ತಲೇ ಎದ್ದು ಒಳಗೆ ಹೋದರು. ಒಳಗಿನಿಂದ ಬಂದ ಅಳು ತಿಂಗಳುಗಳಿಂದ ಕಟ್ಟಿಕೊಂಡಿದ್ದದ್ದು. ದಸ್ತಗಿರಮ್ಮ ಒಳಗೆ ಹೋಗಲಿಲ್ಲ. ಕಟ್ಟೆಯ ಮೇಲೆಯೇ ಕೂತು ತಾವೂ ಅತ್ತರು.

ಹಾಲು-ತುಪ್ಪ ಬಿಟ್ಟದ್ದು ಮುಂದಿನ ಸೋಮವಾರ. ಹೊತ್ತು ಮೀರಿದ ಕಾರ್ಯಕ್ಕೆ ಹೆಚ್ಚು ಜನ ಬಂದಿಲ್ಲ. ಬಂದವರೂ ದೂರ ದೂರ ನಿಂತಿದ್ದಾರೆ. ಹಾಲು ಕರೆದದ್ದು ಸುಂಕೇಶ ತೋಳದ ಬಾಯಿಂದ ಬಿಡಿಸಿದ ಮರಿಯ ತಾಯಿಯಿಂದ. ಹಾಗೆಂದು ಬಸವಕ್ಕನೇ ಹಟ ಹಿಡಿದರಂತೆ. ಗಿಂಡಿ ಬಗ್ಗಿಸುವಾಗ ಹಾಲು ಅರ್ಧ ಮಣ್ಣಿಗೆ, ಅರ್ಧ ಅವರ ಸೀರೆಗೆ. ಬೇರೆ ಜಾತಿಯವರೆಂದು ದಸ್ತಗಿರಮ್ಮ ಬೇಲಿಯಾಚೆ ನಿಂತಿದ್ದಾರೆ. ಬಸ್ ನಿಲ್ದಾಣದಲ್ಲಿ ಬೈದಿದ್ದ ಹಿರಿಯರು ಅವರನ್ನು ನೋಡಿ ಮುಂದೆ ಹೋಗುತ್ತಾರೆ.

ಜಂಬಪ್ಪ ಮನೆಗೆ ಬಂದು ಗೂಟದಿಂದ ಗಂಟೆ ಇಳಿಸುತ್ತಾರೆ. ಧೂಳು ಒರೆಸಿ ಟಗರಿನ ಕೊರಳಿಗೆ ಕಟ್ಟುತ್ತಾರೆ. ಟಗರಿಗೆ ಅದು ಮರೆತೇಹೋಗಿದೆ, ಬೆದರಿ ತಲೆ ಕೊಡವುತ್ತದೆ. ಆ ಸದ್ದಿಗೆ ಹಟ್ಟಿಯ ಕುರಿಗಳೆಲ್ಲ ಎದ್ದು ನಿಲ್ಲುತ್ತವೆ.

ಮನೆ ತೊಳೆದ ನೀರು ಇನ್ನೂ ಆರಿಲ್ಲ, ಬಸವಕ್ಕ ಮಗಳ ರಟ್ಟೆ ಹಿಡಿದು ತಂದು ಕಟ್ಟೆಯ ಮೇಲೆ ಕೂರಿಸುತ್ತಾರೆ. "ತಗೋ," ಎನ್ನುತ್ತಾರೆ. ಹಾರಿಕಾ ತಾನೇ ತೋಳು ಮಡಚುತ್ತಾಳೆ. ದಸ್ತಗಿರಮ್ಮನ ಬಾಯಲ್ಲಿ ರೂಢಿಯ ಮಾತು ಹೊರಡುವ ಮೊದಲೇ ಹುಡುಗಿ, "ನೋಯತೈತಿ, ಗೊತ್ತೈತಿ ಅತ್ತೀ," ಎನ್ನುತ್ತಾಳೆ. ಯಾರೂ ನಗುವುದಿಲ್ಲ. ನಳಿಕೆ ತುಂಬುತ್ತದೆ. ಅದನ್ನು ಗವಸಿನೊಳಗೆ ಇಳಿಸುವವರೆಗೂ ಬಸವಕ್ಕ ಅದರ ಮೇಲಿನ ಕಣ್ಣು ಕೀಳುವುದಿಲ್ಲ.

"ಒಂದು ಮಾತು ದಸ್ತಗಿರಕ್ಕಾ," ಎನ್ನುತ್ತಾರೆ ಕೊನೆಗೆ. "ಈಕಿದೂ ಅಲ್ಲಿ ಬಡಕೊಂಡ್ರ ನನಗ ತೋರಸಬ್ಯಾಡ. ಈಕಿ ನನ್ನ ಕಣ್ಣ ಮುಂದ ಇದ್ರ ಸಾಕು."

ಮರಳುವ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಡಬ್ಬಿ ಮೇಲಿಡಿ ಎಂದು ಕಂಡಕ್ಟರ್ ಗದರುತ್ತಾನೆ. ದಸ್ತಗಿರಮ್ಮ ಕೇಳಿಸದವರಂತೆ ಅದನ್ನು ಇನ್ನಷ್ಟು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಫಲಿತಾಂಶ ಬರಲು ವಾರಗಳು ಬೇಕು. ಅಲ್ಲಿಯ ತನಕ ಈ ಮನೆಯ ಮೂರು ಜೀವಗಳ ಜೊತೆಗೆ ಇವರದೊಂದು ಜೀವವೂ ನಿದ್ದೆ ಮಾಡುವುದಿಲ್ಲ. ಇಷ್ಟು ವರ್ಷ ಈ ಡಬ್ಬಿ ಹೊತ್ತದ್ದಕ್ಕೆ ನಿಮಗೊಂದು ಆಸೆ ಅಂತ ಇದ್ದರೆ ಏನದು ಎಂದು ಕೇಳಿದರೆ, ಅವರು ಕಿಟಕಿಯಾಚೆ ನೋಡುತ್ತಾರೆ.

"ನಾ ತಗೊಂಡು ಹೋದ ರಕ್ತ ಎಲ್ಲಾನೂ ಅವರಿಗೆ ಉಪಯೋಗ ಬಿದ್ದೈತಿ," ಎನ್ನುತ್ತಾರೆ ಆಮೇಲೆ, ಗವಸಿನ ಮೇಲೆ ಕೈಯಿಟ್ಟು. "ಯಾ ಅಲ್ಲಾ, ಇದೊಂದು ಉಪಯೋಗಕ್ಕ ಬಾರದಂಗ ಆಗ್ಲಿ. ಬ್ಯಾಡಮ್ಮಾ ಇದು, ಇದರಾಗ ದೋಷ ಏನೂ ಇಲ್ಲ, ವಾಪಸ್ ತಗೊಂಡು ಹೋಗು ಅನ್ಲಿ."